ಸೆಗಣಿ ಸಾರಿಸಿದ ನೆಲ

“ಹಾಗಾದ್ರೆ ನಮ್ಮಜ್ಜ ಹುಟ್ಟಿದ್ದು ದನದ ಹಟ್ಟಿಯಲ್ಲಿಯಾ?”

ಉಜಿರೆಯ ಕಾಲೇಜಿನ ಪ್ರಯೋಗಾಲಯದ ಬಾಗಿಲಲ್ಲಿ ಜಿತೇಶ್ ನಿಂತಿದ್ದ. ಕೈಯಲ್ಲಿ ವಿಸ್ಮಿತಾಳ ವರದಿ. ಅವಳು ಸೂಕ್ಷ್ಮದರ್ಶಕದಿಂದ ತಲೆ ಎತ್ತಿದಳು.

“ನಾನು ಹೇಳುದಲ್ಲ ಜಿತೇಶ್... ಮಣ್ಣು ಹೇಳ್ತದೆ. ನೆಲದ ತುಂಬ ಹುಲ್ಲಿನ ಪರಾಗ ಉಂಟು. ದನ ಮೇದ ಹುಲ್ಲು, ಸೆಗಣಿಯಲ್ಲಿ ಬಂದದ್ದು.”

“ನಾಳೆ ಬೆಳ್ತಂಗಡಿಯಲ್ಲಿ ಜಾಗದ ವಿಚಾರಣೆ. ಅದು ಮೊದಲಿಂದ ನಮ್ಮ ಮನೆಯಲ್ಲ, ಜಾಗದ ಧಣಿಗಳ ಹಟ್ಟಿ ಅಂತಾದ್ರೆ ನಮ್ಮನ್ನು ಎಬ್ಬಿಸ್ತಾರೆ. ಅಜ್ಜಿಯನ್ನು ಎಲ್ಲಿಗೆ ಕರ್ಕೊಂಡು ಹೋಗುದು?”

ಉತ್ತರಕ್ಕೂ ಕಾಯದೆ ಹೊರಟೇಹೋದ.

ಅವಳ ಪರೀಕ್ಷೆಗೆಂದು ಎರಡು ತಿಂಗಳು ಅವನೇ ತನ್ನ ಮನೆಯ ನೆಲ ಅಗೆದುಕೊಟ್ಟಿದ್ದ. ಮಣ್ಣಿನ ಪೊಟ್ಟಣಗಳ ಮೇಲೆ ದುಂಡಗೆ ಹೆಸರು ಬರೆದದ್ದೂ ಅವನೇ. ಆ ಅಕ್ಷರ ನೋಡುತ್ತಲೇ ಇವಳು ಮನಸ್ಸು ಕೊಟ್ಟಾಗಿತ್ತು. ಹೇಳಿರಲಿಲ್ಲ ಅಷ್ಟೆ.

‘ಅವರ ಮನೆ ನಾನೇ ಕಳೆದೆನಾ? ದೇವರೇ...’

ಮಧ್ಯಾಹ್ನದ ಬಸ್ಸು ಹತ್ತಿ, ಜೀವ ಕೈಯಲ್ಲಿ ಹಿಡಿದುಕೊಂಡು ವೇಣೂರಿನಾಚೆಯ ಆ ಮಣ್ಣಿನ ಮನೆಗೆ ಬಂದಳು. ಜಿತೇಶ್ ಇರಲಿಲ್ಲ. ಅಜ್ಜಿ ಕಾವೇರಮ್ಮ ಚಾವಡಿಯ ನೆಲ ಸಾರಿಸುತ್ತಿದ್ದರು. ಬಕೆಟ್ಟಿನಲ್ಲಿ... ಸೆಗಣಿ!

“ಅಜ್ಜಿ, ಇದು ಯಾವಾಗಿಂದ?”

“ನಾನು ಮದುವೆಯಾಗಿ ಬಂದಂದಿನಿಂದ. ಮೊದಲು ನನ್ನ ಅತ್ತೆ, ಅವರ ಅತ್ತೆ... ಎಂಥ, ನಿಮ್ಮಲ್ಲಿ ಸಾರಿಸುದಿಲ್ವಾ?”

ಬಂಟ್ವಾಳದ ಟೈಲ್ಸ್ ಮನೆಯಲ್ಲಿ ಬೆಳೆದ, ಚಿನ್ನದ ಪದಕದ ಹುಡುಗಿ ತಲೆ ತಗ್ಗಿಸಿದಳು.

“ಹಟ್ಟಿಗೂ ಸಾರಿಸ್ತಾರಾ ಅಜ್ಜಿ?”

ಅಜ್ಜಿ ಬಿದ್ದು ಬಿದ್ದು ನಕ್ಕರು. “ಹಟ್ಟಿಗೆ ಹಾಕುದು ಗುಡ್ಡೆಯ ಸೊಪ್ಪು ಮಾರಾಯ್ತಿ! ಸೆಗಣಿ ಸಾರಿಸುದು ಮನುಷ್ಯರು ಮಲಗುವ ನೆಲಕ್ಕೆ.”

ವಿಸ್ಮಿತಾ ಸಿಕ್ಕ ಬಸ್ಸು ಹತ್ತಿ ಪ್ರಯೋಗಾಲಯಕ್ಕೆ ಓಡಿದಳು. ಸೂಕ್ಷ್ಮದರ್ಶಕದಲ್ಲಿ ಮತ್ತೆ ಎಲ್ಲ ನೋಡಿದಳು. ಹಟ್ಟಿಯಾಗಿದ್ದರೆ ಸೊಪ್ಪಿನ ಜೊತೆ ಬರಬೇಕಿದ್ದ ಗುಡ್ಡೆಯ ಮರಗಳ ಪರಾಗ ಎಲ್ಲೂ ಇಲ್ಲ! ತೀರ ತಳದವರೆಗೂ ಸೆಗಣಿ ಪದರ ಪದರವಾಗಿ, ಕಾಗದದಷ್ಟು ತೆಳ್ಳಗೆ. ದನ ತುಳಿದ ಗುರುತೇ ಇಲ್ಲ.

ಮರುದಿನ ವಿಚಾರಣೆಯಲ್ಲಿ, ಅವಳ ಪ್ರೊಫೆಸರ್ ದುರುಗುಟ್ಟಿ ನೋಡುತ್ತಿರುವಾಗಲೇ ಎದ್ದು ನಿಂತಳು.

“ಸರ್, ನನ್ನ ಮೊದಲ ವರದಿ ತಪ್ಪು. ಅದು ಹಟ್ಟಿ ಅಲ್ಲ. ಮೊದಲಿನಿಂದಲೂ ಮನೆ.”

ಧಣಿಗಳ ವಕೀಲರು ಗಂಟೆಗಟ್ಟಲೆ ಪ್ರಶ್ನೆ ಹಾಕಿದರು. ಅವಳ ಮಾತು ಬದಲಾಗಲಿಲ್ಲ. ಕೊನೆಗೆ ಅಧಿಕಾರಿ ಹೊಸ ವರದಿಯನ್ನೇ ಒಪ್ಪಿದರು. ಮನೆ ಉಳಿಯಿತು!

ಹೊರಗೆ ಮೆಟ್ಟಿಲ ಬಳಿ ಜಿತೇಶ್ ಕಣ್ಣೊರೆಸಿಕೊಳ್ಳುತ್ತಿದ್ದ.

“ವರದಿ ಬದಲಾಯಿಸಿದ್ದು... ನನಗೋಸ್ಕರವಾ?”

“ಅಲ್ಲ. ಅದು ನಿಜ, ಹಾಗಾಗಿ.”

ಅವನ ಮುಖ ಸಣ್ಣಗಾಯಿತು. ವಿಸ್ಮಿತಾ ಮೆಟ್ಟಿಲಿಳಿದು ಅವನೆದುರು ನಿಂತಳು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ!

“ನಿಮಗೋಸ್ಕರ ಇನ್ನೊಂದು ನಿಜ ಉಂಟು. ನಿಮ್ಮನ್ನು ತುಂಬ ಇಷ್ಟಪಡ್ತೇನೆ, ಜಿತೇಶ್.”

ಅವನು ಮತ್ತೆ ಕಣ್ಣೊರೆಸಿಕೊಂಡು ನಕ್ಕ.

“ಇದನ್ನೂ ನಾಳೆ ತಪ್ಪು ಅಂತ ಹೇಳುದಿಲ್ಲ ಅಲ್ವಾ?”

“ಇಲ್ಲ... ಇದಕ್ಕೆ ಪರೀಕ್ಷೆ ಬೇಡ.”