ಬೀಗ ಬಿದ್ದ ರಿಪೋರ್ಟು

ಬೆಳಗ್ಗೆ ಎಂಟೂವರೆಗೆ ಜಕ್ಕೂರಿನ ಆ ಸಣ್ಣ ಆಸ್ಪತ್ರೆಯಲ್ಲಿ ಒಂದು ರಿಪೋರ್ಟೂ ತೆರೆಯಲಿಲ್ಲ. ಯಾರೋ ಎಲ್ಲ ಕಡತಗಳನ್ನೂ ಗೂಢಲಿಪಿಗೆ ತಿರುಗಿಸಿದ್ದರು. ಪರದೆ ತುಂಬ ಅರ್ಥವಿಲ್ಲದ ಅಕ್ಷರಗಳು.

ಒಂಬತ್ತಕ್ಕೆ ಶಾಂತಲಾ ಬಂದಳು. ಹೆಬ್ಬಾಳದ ಕಂಪನಿಯೊಂದರಲ್ಲಿ ಗೂಢಲಿಪಿ ಕಟ್ಟುವುದು, ಒಡೆಯುವುದು ಅವಳ ಕೆಲಸ.

"ಹನ್ನೊಂದಕ್ಕೆ ಚಿಕ್ಕಬೈರಪ್ಪನವರ ಆಪರೇಷನ್," ಎಂದರು ಡಾ. ವೆಂಕಟಲಕ್ಷ್ಮಮ್ಮ. "ಹೊಟ್ಟೇಲಿ ಕ್ಯಾನ್ಸರ್ ಗೆಡ್ಡೆ. ರಿಪೋರ್ಟ್ ನಿನ್ನೆ ನೋಡಿದ್ದೀನಿ. ಸಿಗದಿದ್ರೂ ಮಾಡೋದೇ."

"ರಿಪೋರ್ಟ್ ಇಲ್ದೆ ಬೇಡ ಮೇಡಂ, ಮುಂದಕ್ಕೆ ಹಾಕಿ," ಎಂದ ಲ್ಯಾಬ್ ಮುಖ್ಯಸ್ಥ ಸೋಮನಾಥ. "ಇದು ನಾಗೇಶನದೇ ಕೆಲಸ. ಹೋದ ವಾರ ಜಗಳ ಆಡ್ಕೊಂಡು ಬಿಟ್ಟು ಹೋದ."

ನಾಗೇಶ್ ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು. ಶಾಂತಲಾ ಅವನಿಗೆ ಫೋನ್ ಮಾಡಿದಳು.

"ಸಿಟ್ಟಿದೆ ಕಣ್ರೀ," ಎಂದ ಅವನು. "ಆದ್ರೆ ರೋಗಿಗಳ ಮೇಲಲ್ಲ."

*

ಬೀಗ ಹಾಕಿದ ಪ್ರೋಗ್ರಾಂ ಅರೆಬರೆಯದು. ಕಂಪ್ಯೂಟರಿನ ಗಡಿಯಾರ ನೋಡಿ ಕೀಲಿ ಹುಟ್ಟಿಸಿತ್ತು. ಗಳಿಗೆ ಗೊತ್ತಾದರೆ ಕೀಲಿ ಸಿಕ್ಕಂತೆ.

ಮೊದಲ ಕಡತಕ್ಕೆ ಬೀಗ ಬಿದ್ದದ್ದು ಎಂಟು ಹತ್ತಕ್ಕೆ ಎಂದು ಮುಖ್ಯ ಕಂಪ್ಯೂಟರ್ ತೋರಿಸುತ್ತಿತ್ತು. ಅದರ ಹಿಂದಿನ ಒಂದೊಂದು ಸೆಕೆಂಡನ್ನೂ ಶಾಂತಲಾ ಪರೀಕ್ಷಿಸಿದಳು. ಯಾವುದೂ ಹೊಂದಲಿಲ್ಲ. ಗಂಟೆ ಹತ್ತಾಯಿತು. ಕೊನೆಗೆ ಮುಂದಿನ ನಿಮಿಷಗಳನ್ನೂ ಸೇರಿಸಿದಳು. ಎಂಟು ಇಪ್ಪತ್ತೊಂದರ ಕೀಲಿಗೆ ಬೀಗ ಬಿಚ್ಚಿಕೊಂಡಿತು.

ಬೀಗ ಬಿದ್ದ ಮೇಲೆ ಹುಟ್ಟಿದ ಕೀಲಿಯೇ?

ಅವಳು ಎದ್ದು ಕೋಣೆ ಕೋಣೆಗೂ ಹೋಗಿ ಕಂಪ್ಯೂಟರುಗಳ ಗಡಿಯಾರ ನೋಡಿದಳು.

*

"ಲ್ಯಾಬಿನ ಹಳೇ ಕಂಪ್ಯೂಟರ್ ಮಾತ್ರ ಹನ್ನೊಂದು ನಿಮಿಷ ಮುಂದಿದೆ," ಎಂದಳು. "ಅದಕ್ಕೆ ಇಂಟರ್ನೆಟ್ ಇಲ್ಲ, ಆಸ್ಪತ್ರೆಯ ಮುಖ್ಯ ಕಂಪ್ಯೂಟರಿಗೆ ಮಾತ್ರ ಸೇರಿಸಿದೆ. ಹೊರಗಿನಿಂದ ನಾಗೇಶ್ ಅದನ್ನ ಮುಟ್ಟೋಕಾಗಲ್ಲ. ಲ್ಯಾಬ್ ಬಾಗಿಲು ತೆರೆಯೋದು ಇಬ್ಬರ ಬೆರಳಚ್ಚಿಗೆ ಮಾತ್ರ. ನಿಮ್ಮ ಜೊತೆ ಲ್ಯಾಬಲ್ಲಿರೋ ಶಿವಾನಿ ರಜೆ ಮೇಲೆ ಊರಲ್ಲಿದಾರೆ. ಉಳಿದವರು ನೀವು, ಸೋಮನಾಥ್. ಆಪರೇಷನ್ ನಿಲ್ಲಿಸಿ ಅಂತ ಹಟ ಹಿಡಿದವರೂ ನೀವೇ. ಯಾಕೆ?"

ಸೋಮನಾಥ ಕುರ್ಚಿ ಎಳೆದುಕೊಂಡು ಕೂತ.

"ಎರಡು ಸ್ಯಾಂಪಲ್ ಚೀಟಿ ಅದಲುಬದಲು ಮಾಡಿಬಿಟ್ಟೆ. ಇವತ್ತು ಬೆಳಗ್ಗೆ ಗೊತ್ತಾಯ್ತು. ಹೇಳೋಕೆ ಧೈರ್ಯ ಬರ್ಲಿಲ್ಲ. ನೆಟ್ಟಲ್ಲಿ ಸಿಕ್ಕಿದ ಒಂದು ಪ್ರೋಗ್ರಾಂನ ಪೆನ್ ಡ್ರೈವಲ್ಲಿ ತಂದು ಹಾಕ್ದೆ. ರಿಪೋರ್ಟೇ ಸಿಗದಿದ್ರೆ ಆಪರೇಷನ್ ನಿಲ್ಲುತ್ತೆ, ಸ್ಯಾಂಪಲ್ ಮತ್ತೆ ತಗೋತಾರೆ ಅಂದ್ಕೊಂಡೆ. ಚಿಕ್ಕಬೈರಪ್ಪನವರಿಗೆ ಇರೋದು ಬರೀ ಹುಣ್ಣು."

"ಒಂದು ಮಾತು ಹೇಳಿದ್ರೆ ಸಾಕಿತ್ತಲ್ರೀ," ಎಂದರು ಡಾಕ್ಟರ್. ತೆರೆದ ಕಡತಗಳನ್ನು ಎರಡೆರಡು ಸಲ ನೋಡಿದರು. ಅದಲುಬದಲಾದ ಇನ್ನೊಂದು ಸ್ಯಾಂಪಲ್ ಗೊರಗುಂಟೆಪಾಳ್ಯದ ನಿಂಗವ್ವನದು; ಗೆಡ್ಡೆ ಇದ್ದದ್ದು ಅವಳಿಗೆ. ಅವಳ ಮಗನಿಗೆ ಆಗಲೇ ಫೋನ್ ಹೋಯಿತು. ಗೆಡ್ಡೆ ಇನ್ನೂ ಸಣ್ಣದು, ಇವತ್ತೇ ಕರೆತಂದರೆ ಭಯವಿಲ್ಲ. ಆಮೇಲೆ ಪೊಲೀಸರಿಗೂ ಫೋನ್ ಮಾಡಿದರು.

ಆಪರೇಷನ್ ಕೋಣೆಯ ಬಾಗಿಲಲ್ಲಿ ಸ್ಟ್ರೆಚರ್ ನಿಂತಿತ್ತು. ಡಾಕ್ಟರ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಚಿಕ್ಕಬೈರಪ್ಪ ಮೆಲ್ಲಗೆ ಎದ್ದು ಕೂತರು.

"ಅಂಗಾದ್ರೆ ನಾನು ಮನೆಗೋಗ್ಬೋದಾ ಡಾಕ್ಟ್ರಮ್ಮ?"

ಶಾಂತಲಾ ಗೋಡೆಗೆ ಒರಗಿ, ಬೆಳಗ್ಗೆಯಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟಳು.