ಸೋತವರ ನಲಿವಂಕ

ಗೋಡೆಯ ಮೇಲಿನ ಅಂಕ ಅರವತ್ತೆರಡರಿಂದ ನಲವತ್ತಕ್ಕೆ ಇಳಿಯಿತು. ನಿರೂಪಕ ಬಸಲಿಂಗಪ್ಪ ಹಂಚಿನಾಳ ಒಬ್ಬ ಹುಡುಗನನ್ನು ಗದರಿದ್ದೇ ಅದಕ್ಕೆ ಕಾರಣ.

"ಬಾಯಾಗ ಏನ್ ಇಟ್ಕೊಂಡಿ? ಜೋರಾಗಿ ಹೇಳಲೇ!"

ಅಂಕ ಮೂವತ್ತೆಂಟಕ್ಕೆ ಬಂತು.

ಹುಬ್ಬಳ್ಳಿಯ ಆ ಸ್ಟುಡಿಯೋದಲ್ಲಿ ಹನ್ನೆರಡು ಕುರ್ಚಿಗಳಿದ್ದವು. ಹನ್ನೆರಡು ಮಕ್ಕಳ ಮುಂಗೈಗೂ ಒಂದೊಂದು ಪಟ್ಟಿ ಕಟ್ಟಿತ್ತು. ಅದೇ ನಲಿವುಮಾಪಕ. ನಾಡಿಯ ಬಡಿತ, ಚರ್ಮದ ತೇವ, ಬೆರಳಿನ ನಡುಕ, ಈ ಮೂರನ್ನೂ ಅದು ಸೆಕೆಂಡಿಗೆ ನೂರು ಸಲ ಅಳೆಯುತ್ತಿತ್ತು. ಎಲ್ಲ ಪಟ್ಟಿಗಳ ಲೆಕ್ಕ ಸೇರಿ ನೂರಕ್ಕೆ ಇಷ್ಟು ಎಂದು ಬರುವ ಅಂಕಕ್ಕೆ ನಲಿವಂಕ ಎಂದು ಹೆಸರು. ಮಕ್ಕಳ ಆಟದ ಕಾರ್ಯಕ್ರಮಗಳಲ್ಲಿ ಯಾವ ನಿರೂಪಕ ಒಳ್ಳೆಯವನು, ಯಾವನು ಕೆಟ್ಟವನು ಎಂದು ದೊಡ್ಡವರು ಜಗಳಾಡುವ ಕಾಲ ಮುಗಿದಿತ್ತು. ಮಕ್ಕಳ ಮೈಯೇ ಹೇಳುತ್ತಿತ್ತು.

ವಾಹಿನಿಯಲ್ಲಿ ಹನ್ನೊಂದು ನಿರೂಪಕರಿದ್ದರು. ಮೊದಲನೆಯವನು ಚಿನ್ಮಯ. ಹಳದಿ ಕೋಟು ತೊಟ್ಟು, ತಪ್ಪು ಉತ್ತರಕ್ಕೂ "ಭಲೇ ಪುಟ್ಟಾ" ಎನ್ನುತ್ತಿದ್ದ. ಅವನ ಅಂಕ ತೊಂಬತ್ತನಾಲ್ಕು. ಕೊನೆಯವನು ಬಸಲಿಂಗಪ್ಪ. ವರ್ಷದ ಕೊನೆಯ ಶನಿವಾರದ ಅಂಕವೇ ಅಂತಿಮ. ಅಂದು ಯಾರು ಕೊನೆಗೆ ಬರುತ್ತಾರೋ ಅವರ ಕಾರ್ಯಕ್ರಮ ನಿಲ್ಲುತ್ತಿತ್ತು. ಅದಕ್ಕೆ ಮೂರು ವಾರ ಉಳಿದಿತ್ತು. ಬಸಲಿಂಗಪ್ಪನಿಗೆ ಐವತ್ತಾರು ವರ್ಷ. ಈ ಕೆಲಸ ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ನಲಿವುಮಾಪಕವನ್ನು ಕಂಡುಹಿಡಿದ ಡಾ. ವಾರಿಜಾ ಹೆಬ್ಬಳ್ಳಿ ಯಂತ್ರದ ತಪಾಸಣೆಗೆ ಬಂದದ್ದು ಆ ದಿನವೇ. ಸ್ಟುಡಿಯೋದ ಹಿಂಬಾಗಿಲ ಬಳಿ ಫಕ್ಕೀರವ್ವ ಪಟ್ಟಿಗಳನ್ನು ಒರೆಸುತ್ತ ಕುಳಿತಿದ್ದಳು. ಮಕ್ಕಳಿಗೆ ಪಟ್ಟಿ ಕಟ್ಟುವುದು, ಬಿಚ್ಚುವುದು ಅವಳ ಕೆಲಸ.

"ಇದು ಯಾರ ಪಟ್ಟಿ?" ಎಂದರು ವಾರಿಜಾ.

"ಈಗ ಸೋತ ಹುಡುಗಂದ್ರಿ. ಬಿಚ್ಚಿ, ಒರೆಸಿ, ಸಾಲಿನ್ಯಾಗ ನಿಂತ ಮುಂದಿನ ಹುಡುಗಗ ಕಟ್ಟತೀನಿ."

"ಸೋತ ಕೂಡಲೇ ಬಿಚ್ಚುತ್ತೀರಾ?"

"ಮತ್ತೇನ್ ಮಾಡ್ಲಿರಿ? ನೀವು ಕೊಟ್ಟಿದ್ದಽ ಹನ್ನೆರಡು."

ವಾರಿಜಾ ಆ ಪಟ್ಟಿಯನ್ನು ಕೈಗೆತ್ತಿಕೊಂಡರು. ಅವರ ಪ್ರಯೋಗಾಲಯದಲ್ಲಿ ಯಾವ ಮಗುವೂ ಸೋತಿರಲಿಲ್ಲ. ಅಲ್ಲಿ ಆಟವೇ ಇರಲಿಲ್ಲ, ಬರೀ ಚಿತ್ರ ತೋರಿಸಿ ಅಳೆದಿದ್ದರು. ಎರಡು ವರ್ಷದಿಂದ ಯಂತ್ರ ಅಳೆದದ್ದು ಗೆಲ್ಲುತ್ತಿದ್ದ ಮಕ್ಕಳ ನಲಿವನ್ನು ಮಾತ್ರ.

"ಸೋತವರು ಎಲ್ಲಿಗೆ ಹೋಗುತ್ತಾರೆ?"

"ಚಿನ್ಮಯ ಅಣ್ಣನ ಹುಡುಗರು ಆ ಗ್ವಾಡಿ ಹಿಂದ ನಿಂತು ಅಳ್ತಾವ್ರಿ. ಕೈಯಾಗ ಒಂದು ಬಲೂನ್ ಇರ್ತೈತಿ, ಅಷ್ಟ. ಈ ಸಿಡುಕಪ್ಪನ ಹುಡುಗರು ಅಲ್ಲಿ ನೋಡ್ರಿ."

ಜಾಹೀರಾತಿನ ಹೊತ್ತು. ಹಿಂಬಾಗಿಲ ಮೆಟ್ಟಿಲ ಮೇಲೆ ಬಸಲಿಂಗಪ್ಪ ಕುಳಿತಿದ್ದ. ಪಕ್ಕದಲ್ಲಿ ಆಗತಾನೇ ಗದರಿಸಿಕೊಂಡು ಸೋತ ಹುಡುಗ. ನಡುವೆ ಶೇಂಗಾದ ಪೊಟ್ಟಣ.

"ಹಲ್ಲಿ ಬಾಲ ಮತ್ತ ಬೆಳೆಯಂಗಿಲ್ಲ ಅಂತ ಯಾಕ ಹೇಳಿದಿ?"

"ನಮ್ಮ ಮನ್ಯಾಗಿನ ಹಲ್ಲೀದು ಬೆಳೀಲಿಲ್ರಿ ಸರ್. ನಾನಽ ನೋಡೀನಿ."

"ಎಷ್ಟು ದಿನ ನೋಡಿದಿ?"

"ಎರಡು ದಿನ."

"ಎರಡು ದಿನಕ್ಕ ನಿನ್ನ ಉಗುರರೆ ಬೆಳೀತೈತೇನಲೇ?"

ಹುಡುಗ ತನ್ನ ಉಗುರು ನೋಡಿಕೊಂಡ. ಆಮೇಲೆ ನಕ್ಕ. "ನೋಡಿದ್ದು ಖರೆ ಐತಿ. ಸಾಕಾಗೂವಷ್ಟು ನೋಡಿಲ್ಲ, ಅಷ್ಟ," ಎಂದು ಬಸಲಿಂಗಪ್ಪ ಎದ್ದು, ಒಳಗಿನವರನ್ನು ಗದರಲು ಹೋದ.

ವಾರಿಜಾ ಇನ್ನೂ ಮೂವತ್ತು ಪಟ್ಟಿ ತರಿಸಿದರು. ಮಗು ಗೇಟು ದಾಟುವ ತನಕ ಪಟ್ಟಿ ಬಿಚ್ಚಬಾರದು ಎಂದು ಆಜ್ಞೆಯಾಯಿತು. ಮುಂದಿನ ಶನಿವಾರ ಚಿನ್ಮಯನ ಅಂಕ ನಲವತ್ತೇಳು. ಬಸಲಿಂಗಪ್ಪನದು ಎಂಬತ್ತೊಂದು.

ವಾಹಿನಿ ಅವನನ್ನು ಅತ್ಯುತ್ತಮ ನಿರೂಪಕ ಎಂದು ಸಾರಿತು. ಮೆಟ್ಟಿಲ ಎದುರಿಗೂ ಒಂದು ಕ್ಯಾಮೆರಾ ಬಂತು. ಸೋತವರು ಶೇಂಗಾ ತಿನ್ನುತ್ತ ವಾದ ಮಾಡುವುದನ್ನು ರಾಜ್ಯದ ಮಕ್ಕಳೆಲ್ಲ ಕಂಡರು. ಕೆಡುಕು ಶುರುವಾದದ್ದು ಅಲ್ಲಿಂದ.

ಕೊನೆಯ ಶನಿವಾರ. ಅಣ್ಣಿಗೇರಿಯ ನೀಲಗಂಗಾ ಎಂಬ ಹತ್ತು ವರ್ಷದ ಹುಡುಗಿಗೆ ಮೊದಲ ಪ್ರಶ್ನೆ. ವಾರಕ್ಕೆ ಎಷ್ಟು ದಿನ?

"ಒಂಬತ್ತು," ಎಂದಳು ನೀಲಗಂಗಾ. ಪಟ್ಟಿ ಕಟ್ಟಿದ ಕೈ ಆಗಲೇ ಮೆಟ್ಟಿಲ ಕಡೆ ತೋರುತ್ತಿತ್ತು. ಪಕ್ಕದವನಿಗೆ ಕೇಳಿದರೆ ಆಕಳಿಗೆ ಆರು ಕಾಲು. ಅವನಾಚೆಯವಳಿಗೆ ಸೂರ್ಯ ಪಡುವಣದಲ್ಲಿ ಹುಟ್ಟುತ್ತಾನೆ. ಮೂವರೂ ನಗುತ್ತ ಎದ್ದು ನಿಂತರು. ಅಂಕ ತೊಂಬತ್ತಾರು.

ಮರೆಯಲ್ಲಿದ್ದ ವಾಹಿನಿಯ ಮುಖ್ಯಸ್ಥ ಚಪ್ಪಾಳೆ ತಟ್ಟಿದ. ಬಸಲಿಂಗಪ್ಪನ ಮುಖ ಕೆಂಪಾಯಿತು.

"ಕೂಡ್ರಿ ಎಲ್ಲಾರೂ! ಏನವಾ, ವಾರಕ್ಕ ಒಂಬತ್ತು ದಿನ ಏನು?"

"ಹೌದ್ರಿ ಸರ್. ಸೋತೆ. ಶೇಂಗಾ ಕೊಡ್ರಿ."

"ಗೊತ್ತಿದ್ದೂ ತಪ್ಪು ಹೇಳಿದವರಿಗೆ ಮೆಟ್ಟಿಲಿಲ್ಲ! ಖರೆ ಉತ್ತರ ಬರೂತನಕ ಯಾರೂ ಏಳಂಗಿಲ್ಲ."

ಅಂಕ ಎಪ್ಪತ್ತಕ್ಕೆ ಇಳಿಯಿತು. ವಾರಿಜಾ ಓಡಿ ಬಂದು ಅವನ ಕಿವಿಯಲ್ಲಿ ಹೇಳಿದರು: "ಇವತ್ತಿನ ಅಂಕವೇ ಅಂತಿಮ. ಅವರನ್ನು ಮೆಟ್ಟಿಲಿಗೆ ಕಳಿಸಿಬಿಡಿ. ಒಂದು ದಿನದ ಮಾತು."

"ಮೇಡಮ್ಮಾರ, ಅವು ಇವತ್ತು ಆಕಳಿಗೆ ಆರು ಕಾಲು ಅಂದಾವು. ನಗಕೋಂತ ಅಂದಾವು. ನಿಮ್ಮ ಯಂತ್ರಕ್ಕ ಅದು ಛೊಲೋ ಅನಸ್ತೈತಿ. ನನಗ ಅನಸಂಗಿಲ್ಲ."

ಒಂದು ತಾಸು ಅವನು ಯಾರನ್ನೂ ಏಳಗೊಡಲಿಲ್ಲ. ಮಕ್ಕಳು ಅತ್ತರು, ಸಿಟ್ಟಾದರು, ಕೊನೆಗೆ ಒಬ್ಬೊಬ್ಬರಾಗಿ ಸರಿಯಾದ ಉತ್ತರವನ್ನೇ ಹೇಳಿದರು. ಆಕಳಿಗೆ ನಾಲ್ಕು ಕಾಲು ಬಂದವು. ವಾರಕ್ಕೆ ಏಳು ದಿನ ಉಳಿದವು. ಅಂಕ ಹತ್ತೊಂಬತ್ತು. ಎರಡು ವರ್ಷದಲ್ಲಿ ಯಾವ ನಿರೂಪಕನೂ ಅಷ್ಟು ಕೆಳಗೆ ಇಳಿದಿರಲಿಲ್ಲ. ಮುಖ್ಯಸ್ಥ ಅಲ್ಲಿಯೇ ಕಾರ್ಯಕ್ರಮ ನಿಲ್ಲಿಸುವ ಕಾಗದ ಬರೆದು ಕೊಟ್ಟ.

ಬಸಲಿಂಗಪ್ಪ ಕಾಗದವನ್ನು ಜೇಬಿಗೆ ತುರುಕಿ ಹಿಂಬಾಗಿಲಿಗೆ ಬಂದು ಮೆಟ್ಟಿಲ ಮೇಲೆ ಕುಳಿತ. ಕ್ಯಾಮೆರಾ ಆಗಲೇ ತೆಗೆದಿದ್ದರು. ಮನೆಗೆ ಹೊರಟಿದ್ದ ನೀಲಗಂಗಾ ಅವನನ್ನು ಕಂಡು ನಿಂತಳು. ಕಣ್ಣು ಇನ್ನೂ ಕೆಂಪಗಿದ್ದವು.

"ನೀವೂ ಸೋತ್ರೇನ್ರಿ ಸರ್?"

"ಹೂಂ."

"ನಮ್ಮನ್ನ ಮೆಟ್ಟಿಲಿಗೆ ಕಳಿಸಿದ್ರ ಗೆಲ್ತೀನಿ ಅಂತ ನಿಮಗ ಗೊತ್ತಿತ್ತೇನು?"

"ಗೊತ್ತಿತ್ತವಾ."

ಅವಳು ಸೊಂಟದ ಮೇಲೆ ಕೈ ಇಟ್ಟಳು. "ಹಂಗಾದ್ರ ನೀವೂ ಇಲ್ಲಿ ಕೂಡಂಗಿಲ್ಲ. ಏಳ್ರಿ ಮ್ಯಾಲೆ."

ಬಸಲಿಂಗಪ್ಪ ಬಾಯಿ ತೆರೆದ. ಆ ಮೆಟ್ಟಿಲ ಮೇಲೆ ನೂರಾರು ಮಕ್ಕಳ ಜೊತೆ ವಾದ ಮಾಡಿದ್ದ. ಆದರೆ ಇದು ಅವನೇ ಹಾಕಿದ ನಿಯಮ. ಬಾಯಿ ಮುಚ್ಚಿ, ಎದ್ದು, ಶೇಂಗಾದ ಪೊಟ್ಟಣವನ್ನು ಅವಳ ಕೈಗಿಟ್ಟು ಗೇಟಿನ ಕಡೆ ನಡೆದ.

ಗೇಟಿನ ಬಳಿ ಫಕ್ಕೀರವ್ವ ಪಟ್ಟಿ ಬಿಚ್ಚಲು ನೀಲಗಂಗಾಳ ಕೈ ಹಿಡಿದಳು. ಒಳಗೆ ಗೋಡೆಯ ಮೇಲಿನ ಅಂಕ ಏರುತ್ತಲೇ ಇತ್ತು. ಕಾರ್ಯಕ್ರಮ ಮುಗಿದಿದ್ದರಿಂದ ಅದನ್ನು ಯಾರೂ ನೋಡಲಿಲ್ಲ.