ಇಪ್ಪತ್ತಮೂರು ತೂತಿನ ಕೋಟು

“ನಿಮ್ಮ ಅಂಗಡಿ ಕಸ ನನಗೆ ಕೊಡ್ತೀರಾ, ಮೇಡಂ?”

ಅವನು ನನ್ನ ಜೊತೆ ಆಡಿದ ಮೊದಲ ಮಾತು ಇದು. ಹೆಣ್ಣೊಬ್ಬಳನ್ನು ಮಾತಾಡಿಸಲು ಲೋಕದಲ್ಲಿ ಸಾವಿರ ದಾರಿಗಳಿವೆ. ಈ ಮಹಾನುಭಾವನಿಗೆ ಹೊಳೆದದ್ದು ಕಸ.

ನಾನು ತಲೆ ಎತ್ತಲಿಲ್ಲ. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಯಾರದೋ ಸೂಟಿನ ಮೊಣಕೈಗೆ ರಫು ಮಾಡುತ್ತಿದ್ದೆ. ರಫು ಎಂದರೆ ತೇಪೆಯಲ್ಲ. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ, ತೂತಿನ ಮೇಲೆ ಒಂದೊಂದಾಗಿ ನೇಯ್ದು, ಅಲ್ಲಿ ತೂತು ಇತ್ತೆಂಬುದೇ ಗೊತ್ತಾಗದ ಹಾಗೆ ಮಾಡುವುದು. ನನ್ನ ಕೆಲಸ ಯಾರ ಕಣ್ಣಿಗಾದರೂ ಬಿದ್ದರೆ ಅದು ಕೆಟ್ಟಿದೆ ಎಂದೇ ಅರ್ಥ.

“ಯಾವ ಕಸ?”

“ಕೆಟ್ಟ ಜಿಪ್ಪು, ಒಡೆದ ಗುಂಡಿ, ಬಟ್ಟೆ ಚೂರು. ನೀವು ಬಿಸಾಕೋದೆಲ್ಲ.”

“ತಗೊಂಡು ಏನ್ ಮಾಡ್ತೀರಾ?”

“ಆಭರಣ,” ಎಂದ, ಒಂದಿಷ್ಟೂ ನಾಚಿಕೆಯಿಲ್ಲದೆ.

ಆಗ ತಲೆ ಎತ್ತಿದೆ. ಮೂವತ್ತೈದರ ಆಸುಪಾಸಿನ ಗಂಡಸು. ಅಂಗಿಯ ಜೇಬಿನ ಮೇಲೆ ಹಳೇ ಹಲ್ಲುಜ್ಜುವ ಬ್ರಷ್ಷನ್ನು ಬಗ್ಗಿಸಿ ಮಾಡಿದ ಮೀನೊಂದು ಪಿನ್ನಿನಿಂದ ನೇತಾಡುತ್ತಿತ್ತು. ಮೀನಿಗೆ ಬ್ರಷ್ಷಿನ ಕೂದಲಿನ ಕಣ್ರೆಪ್ಪೆ ಬೇರೆ. ನಾನು ಮುಖ ಸಿಂಡರಿಸಿದೆ. ಅವನು ಅದನ್ನು ಮೆಚ್ಚುಗೆ ಎಂದುಕೊಂಡು ಮೀನನ್ನು ನನ್ನ ಕಡೆಗೆ ಸ್ವಲ್ಪ ತಿರುಗಿಸಿದ.

“ಕೊಡೇ, ಪಾಪ,” ಎಂದಳು ಚಿಕ್ಕಮ್ಮ. ಸೀರೆಗೆ ಫಾಲ್ ಹಚ್ಚುವುದು, ಪ್ಯಾಂಟಿನ ತುದಿ ಮಡಿಸಿ ಹೊಲಿಯುವುದು ಅವಳ ಪಾಲಿನ ಕೆಲಸ. ಲೋಕಕ್ಕೆಲ್ಲ ಪಾಪ ಎನ್ನುವುದೂ ಅವಳ ಪಾಲಿನದೇ. ಎದ್ದು ಹೋಗಿ ಚೂರಿನ ಚೀಲವನ್ನೇ ಅವನ ಕೈಗಿಟ್ಟಳು.

ಅವನು ನಮ್ಮ ಪಕ್ಕದ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದನಂತೆ. ಅವತ್ತೇ ನಾನು ಅವನಿಗೆ ಗುಜರಿ ಎಂದು ಹೆಸರಿಟ್ಟೆ.

ಆಮೇಲೆ ದಿನಾ ನಾಲ್ಕು ಗಂಟೆಗೆ ಗುಜರಿ ಹಾಜರು. ಕೈಯಲ್ಲಿ ಏನಾದರೊಂದು ಅವಲಕ್ಷಣ ಇದ್ದೇ ಇರುತ್ತಿತ್ತು. ಚಮಚಗಳನ್ನು ಗರಿಗಳ ಹಾಗೆ ಜೋಡಿಸಿದ ಗೂಬೆ. ಟೈಗಳನ್ನು ಸುತ್ತಿ ಸುತ್ತಿ ಮಾಡಿದ ಟೋಪಿ. ಕೀಬೋರ್ಡಿನ ಗುಂಡಿಗಳ ಬಳೆ. ನಮ್ಮದೇ ಜಿಪ್ಪುಗಳ ಹಾರ, ಎಳೆದರೆ ಕುತ್ತಿಗೆಯ ಹತ್ತಿರ ತೆರೆದುಕೊಳ್ಳುವಂಥದ್ದು.

“ಹೇಗಿದೆ?”

“ಚಮಚ ಚಮಚವಾಗಿದ್ದಾಗಲೇ ಚೆನ್ನಾಗಿತ್ತು.”

“ಆಗ ಅದಕ್ಕೆ ಹಾರೋಕೆ ಬರ್ತಿರಲಿಲ್ಲ.”

“ಈಗ ಬರುತ್ತಾ?”

ಅವನು ಗೂಬೆಯನ್ನು ಗಂಭೀರವಾಗಿ ನೋಡಿದ. “ಇನ್ನೂ ಕಲೀತಾ ಇದೆ.”

ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು. ನಾನು ಲೆನ್ಸ್ ಸಿಕ್ಕಿಸಿಕೊಂಡು ಬಟ್ಟೆಯ ಮೇಲೆ ಮುಖ ಬಗ್ಗಿಸಿದೆ. ನನ್ನ ತುಟಿ ಯಾವ ಕಡೆಗೆ ಹೋಗುತ್ತಿದೆ ಎಂದು ಅವನಿಗೆ ತಿಳಿಯಬೇಕಾಗಿರಲಿಲ್ಲ.

ಅವನಿಗೊಂದು ಕೆಟ್ಟ ಅಭ್ಯಾಸವಿತ್ತು. ನಾನು ಬೈಯುವಾಗ ಸಂಗೀತ ಕೇಳುವವನ ಹಾಗೆ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡು ಕೇಳುತ್ತಿದ್ದ. ನಿಲ್ಲಿಸಿದರೆ ಹುಬ್ಬೆತ್ತಿ ಇನ್ನೂ ಇದೆಯಾ ಎಂಬಂತೆ ನೋಡುತ್ತಿದ್ದ. ಇಂಥವನನ್ನು ಬೈದು ಏನು ಸುಖ? ಆದರೂ ಮೂರೂವರೆಯಾದರೆ ನನ್ನ ಕಿವಿ ತಾನಾಗಿ ಬಾಗಿಲ ಕಡೆ ಹೋಗುತ್ತಿತ್ತು.

ಹೀಗೆ ಆರು ತಿಂಗಳು. ಒಂದು ದಿನ ಬರಿಗೈಯಲ್ಲಿ ಬಂದ.

“ಶನಿವಾರ ಕರಕುಶಲ ಪ್ರದರ್ಶನ ಇದೆ. ಆಯ್ಕೆ ಆದ್ರೆ ವರ್ಷವಿಡೀ ಅವರ ಮಳಿಗೆಗಳಿಗೆ ನಾನೇ ಮಾಡಿಕೊಡಬೇಕು. ಇಲ್ಲೇ ಕೂತು.”

“ಆಗದಿದ್ರೆ?”

“ಅಕ್ಕನ ಗಂಡಂದು ಟೈಲ್ಸ್ ಶೋರೂಮ್ ಇದೆ, ಬೇರೆ ಊರಲ್ಲಿ. ಸೋಮವಾರದಿಂದ ಅಲ್ಲಿ ಬಾತ್‌ರೂಮ್ ಟೈಲ್ಸ್ ಮಾರಬೇಕು. ಬಾವನಿಗೆ ಮಾತು ಕೊಟ್ಟಿದೀನಿ.”

“ಒಳ್ಳೇದೇ ಆಯ್ತು. ಅಲ್ಲಿ ಒಡೆದ ಚೂರು ಬೇಕಾದಷ್ಟು ಸಿಗುತ್ತೆ.”

ಅವನು ನಕ್ಕ. ಎಂದಿನ ನಗುವಾಗಿರಲಿಲ್ಲ. ಅವನು ಹೋದ ಮೇಲೆ ಸೂಜಿಗೆ ದಾರ ಪೋಣಿಸಲು ನನಗೆ ಮೂರು ಸಲ ಬೇಕಾಯಿತು. ಕಣ್ಣು ಹಾಳಾಗುತ್ತಿದೆ ಎಂದುಕೊಂಡೆ.

ಪ್ರದರ್ಶನಕ್ಕೆ ಏನು ಮಾಡುತ್ತಿದ್ದಾನೆಂದು ಕೇಳಿದರೆ ಹೇಳಲಿಲ್ಲ. “ಸರ್‌ಪ್ರೈಸ್,” ಎಂದ. ಮಂಗಳವಾರ ಒಂದು ಕೋಟು ತಂದ. ಒಳಪದರವನ್ನು ಬಿಚ್ಚಿ ತೆಗೆದ ಹಳೇ ಕಪ್ಪು ಉಣ್ಣೆಯ ಕೋಟು, ಮೈತುಂಬ ಹುಳ ತಿಂದ ತೂತು.

“ತೋಳು ಎರಡಿಂಚು ಗಿಡ್ಡ ಆಗಬೇಕು. ಉಳಿದದ್ದೆಲ್ಲ ಹಾಗೇ ಇರಲಿ. ಶುಕ್ರವಾರ ತಗೋತೀನಿ.”

ಹಾಗೇ ಇರಲಿ! ಅವನು ಬೆನ್ನು ತಿರುಗಿಸಿದ ಕೂಡಲೇ ಕೋಟನ್ನು ಮೇಜಿನ ಮೇಲೆ ಹರಡಿದೆ. ಇಪ್ಪತ್ತಮೂರು ತೂತು. ಈ ಜರಡಿಯನ್ನು ಹಾಕಿಕೊಂಡು ಶನಿವಾರ ನಾಲ್ಕು ಜನ ದೊಡ್ಡವರೆದುರು ನಿಲ್ಲುತ್ತಾನೆ, ಅವರು ಮೇಲಿಂದ ಕೆಳಗೆ ನೋಡಿ ಮೂಗು ಮುರಿಯುತ್ತಾರೆ. ಸರಿಮಾಡಿಕೊಡಿ ಎಂದು ಬಾಯಿಬಿಟ್ಟು ಕೇಳಲು ಸಂಕೋಚ, ಅದಕ್ಕೇ ಹಾಗೇ ಇರಲಿ ಎಂದಿದ್ದಾನೆ. ಇವನ ಸ್ವಾಭಿಮಾನಕ್ಕೆ ಬೆಂಕಿ ಬೀಳ.

ಬೇರೆಯವರ ಕೆಲಸವನ್ನೆಲ್ಲ ಪಕ್ಕಕ್ಕೆ ತಳ್ಳಿ ಕೂತೆ. ಮಂಗಳವಾರ ಐದು ತೂತು. ಬುಧವಾರ ಒಂಬತ್ತು. ಕಪ್ಪಿನ ಮೇಲೆ ಕಪ್ಪು ಎಳೆ ನೇಯುವುದು ಕಣ್ಣು ಕೀಳುವ ಕೆಲಸ.

“ಬಂದವರೆಲ್ಲ ವಾಪಸ್ ಹೋಗ್ತಿದಾರೆ ಕಣೇ,” ಎಂದಳು ಚಿಕ್ಕಮ್ಮ.

“ಹರಕು ಕೋಟಲ್ಲಿ ನಮ್ಮ ಪಕ್ಕದ ಬಾಗಿಲಿಂದ ಹೊರಟರೆ ನಮ್ಮ ಅಂಗಡಿಗೇ ಅವಮಾನ ಅಲ್ವಾ?”

“ಹೌದೌದು. ಆಚೆ ಪಕ್ಕದ ಚಪ್ಪಲಿ ಅಂಗಡಿಯವರ ಪ್ಯಾಂಟೂ ಹರಿದಿದೆ. ಇಸ್ಕೊಂಡು ಬರ್ಲಾ?”

ನಾನು ಮುಂದಿನ ತೂತಿಗೆ ಸೂಜಿ ಚುಚ್ಚಿದೆ. ಗುರುವಾರ ಸಂಜೆಗೆ ಕೊನೆಯ ತೂತು ಮುಚ್ಚಿತು. ಆ ಕೋಟನ್ನು ಯಾವ ಬೆಳಕಿಗೆ ಹಿಡಿದರೂ ನನ್ನ ಕೆಲಸ ನನಗೇ ಕಾಣಲಿಲ್ಲ. ಹದಿನೈದು ವರ್ಷದಲ್ಲಿ ಅಷ್ಟು ಚೆನ್ನಾಗಿ ಯಾರ ಬಟ್ಟೆಗೂ ಮಾಡಿರಲಿಲ್ಲ. ಒಬ್ಬ ಗುಜರಿಯವನಿಗೆ.

ಶುಕ್ರವಾರ ಮಧ್ಯಾಹ್ನ ಬಂದ. ಕೋಟನ್ನು ಎತ್ತಿ ಕಿಟಕಿಗೆ ಹಿಡಿದ. ತಿರುಗಿಸಿದ. ಮತ್ತೆ ತಿರುಗಿಸಿದ.

“ತೂತು ಎಲ್ಲಿ?”

“ಹುಡುಕಿ, ನೋಡೋಣ,” ಎಂದೆ. ಆರು ತಿಂಗಳಲ್ಲಿ ಮೊದಲ ಸಲ ಅವನ ಮುಖಕ್ಕೆ ನೇರವಾಗಿ ನಕ್ಕೆ.

ಅವನು ನಗಲಿಲ್ಲ. ಗಿರಾಕಿಗಳ ಸ್ಟೂಲಿನ ಮೇಲೆ ಮೆಲ್ಲಗೆ ಕೂತ. ಆಮೇಲೆ ಎದ್ದು ತನ್ನ ಕೋಣೆಗೆ ಹೋಗಿ, ಇನ್ನೊಂದು ಬಟ್ಟೆ ತಂದು ಮೇಜಿನ ಮೇಲೆ ಹರಡಿದ. ಕೋಟಿನ ಒಳಪದರ. ಅದರ ಮೇಲೆ ಅಲ್ಲಲ್ಲಿ ಬೆರಳುಗುರಿನಷ್ಟು ದೊಡ್ಡ ಇಪ್ಪತ್ತಮೂರು ಗೊಂಬೆಗಳು. ಗುಂಡಿಯ ಬೆಕ್ಕು. ಗಡಿಯಾರದ ಮುಳ್ಳು ಹಿಡಿದು ಅಡುಗೆ ಮಾಡುವ ಅಜ್ಜಿ. ಬಾಟಲಿ ಮುಚ್ಚಳದ ತೊಟ್ಟಿಯಲ್ಲಿ ಸ್ನಾನಕ್ಕೆ ಕೂತ ದಪ್ಪ ಗಂಡಸು.

“ಇದು ಒಂದು ಬೀದಿ,” ಎಂದ. ಸ್ವರ ಬಹಳ ಮೆತ್ತಗಿತ್ತು. “ಒಂದೊಂದು ತೂತೂ ಒಂದೊಂದು ಕಿಟಕಿ. ಬಗ್ಗಿ ನೋಡಿದ್ರೆ ಒಳಗೆ ಒಂದು ಸಂಸಾರ. ಪ್ರದರ್ಶನಕ್ಕೆ ಇಡೋದು ಇದನ್ನೇ.”

ಇಡೀ ಬೀದಿಯ ಕಿಟಕಿಗಳನ್ನು ನಾನು ಗೋಡೆ ಮಾಡಿಬಿಟ್ಟಿದ್ದೆ.

“ಹಾಗೇ ಇರಲಿ ಅಂದಿದ್ದೆ,” ಎಂದ. ಸಿಟ್ಟಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ಒಳಪದರದ ಮೇಲೆ ಕಣ್ಣಾಡಿಸಿದೆ. ಎಡ ಮಗ್ಗುಲಲ್ಲಿ ಒಬ್ಬ ಹೆಂಗಸು ಕುತ್ತಿಗೆ ಬಗ್ಗಿಸಿ ಕೂತಿದ್ದಳು. ಬೆನ್ನಿಗೆ ಮುರಿದ ಸೂಜಿ, ಕಣ್ಣಿಗೆ ಒಡೆದ ಲೆನ್ಸಿನ ಚೂರು. ಎರಡೂ ನಮ್ಮ ಚೀಲದ್ದೇ.

“ಇದು ಯಾರು?”

“ಪಕ್ಕದ ಮನೆಯವರು.” ಅವನು ಬೇರೆಲ್ಲೋ ನೋಡುತ್ತಿದ್ದ. “ತುಂಬಾ ಬೈತಾರೆ.”

ನಾನು ಕತ್ತರಿ ಎತ್ತಿಕೊಂಡೆ. ಅವನು ನನ್ನ ಮಣಿಕಟ್ಟು ಹಿಡಿದ.

“ಬೇಡ. ನನಗೋಸ್ಕರ ಯಾರೂ ಇಷ್ಟು ಕಷ್ಟಪಟ್ಟಿಲ್ಲ. ಇದನ್ನ ಕತ್ತರಿಸೋಕೆ ಬಿಡಲ್ಲ. ಟೈಲ್ಸ್ ಮಾರ್ತೀನಿ ಬೇಕಾದ್ರೆ.”

“ನಿಮಗೋಸ್ಕರ ಅಲ್ಲ. ಕೋಟಿಗೋಸ್ಕರ.”

“ಸರಿ, ನನ್ನ ಕೋಟಿಗೋಸ್ಕರ ಯಾರೂ ಇಷ್ಟು ಕಷ್ಟಪಟ್ಟಿಲ್ಲ.”

“ಕೈ ಬಿಡಿ. ನೀವು ಟೈಲ್ಸ್ ಮಾರೋಕೆ ಹೋದ್ರೆ ನಾಲ್ಕು ಗಂಟೆಗೆ ನಾನು ಯಾರನ್ನ ಬೈಯಲಿ?”

ಮಾತು ಬಾಯಿಂದ ಬಿದ್ದಿತ್ತು. ಚಿಕ್ಕಮ್ಮ ಕೆಮ್ಮುತ್ತಾ ಎದ್ದು, ದಾರ ತರುತ್ತೇನೆಂದು ಹೊರಗೆ ಹೋದಳು. ಅಂಗಡಿಯ ತುಂಬ ದಾರವೇ ಇತ್ತು.

ಅವನು ಕೈ ಬಿಟ್ಟ. ತಕ್ಷಣವೇನೂ ಅಲ್ಲ.

ತೂತು ಎಲ್ಲಿದ್ದವೆಂದು ನನಗೇ ತಿಳಿಯಲಿಲ್ಲ. ಕೊನೆಗೆ ಒಳಪದರವನ್ನು ಕೋಟಿಗೆ ಸೇರಿಸಿ ಟಾಕು ಹಾಕಿದೆವು. ಅವನು ಪ್ರತಿ ಗೊಂಬೆಯ ಪಕ್ಕದಿಂದ ಸೂಜಿ ಚುಚ್ಚಿ ಮೇಲೆ ತೋರಿಸಿದ, ನಾನು ಅಲ್ಲಿ ಕತ್ತರಿಸಿದೆ. ಬಟ್ಟೆಗೆ ತೂತು ಮಾಡಿದ್ದು ಜನ್ಮದಲ್ಲಿ ಅದೇ ಮೊದಲು. ಅಂಚಿಗೆ ಹಳದಿ ದಾರದಲ್ಲಿ ದಪ್ಪ ಹೊಲಿಗೆ ಹಾಕಿದೆ, ದೀಪ ಹಚ್ಚಿದ ಕಿಟಕಿಯ ಹಾಗೆ, ಕುರುಡರಿಗೂ ಕಾಣುವಷ್ಟು ಢಾಳಾಗಿ. ಒಂದೇ ಕೋಟು ಇಬ್ಬರ ಮಡಿಲಲ್ಲಿತ್ತು. ಅವನ ಉಸಿರು ನನ್ನ ಕಿವಿಯ ಹತ್ತಿರ ಸುಳಿಯುತ್ತಿತ್ತು. ಸ್ವಲ್ಪ ದೂರ ಕೂರಿ ಎಂದು ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಐದೂವರೆಗೆ ಕೆಲಸ ಮುಗಿದಾಗ ಬೇಜಾರಾಯಿತು.

ಶನಿವಾರ ನಾನೂ ಹೋದೆ. ಹೊಸ ಹೊಲಿಗೆ ಎಲ್ಲಾದರೂ ಬಿಟ್ಟುಕೊಂಡರೆ ಎಂದು ಚಿಕ್ಕಮ್ಮನಿಗೆ ಹೇಳಿದೆ. ಅವಳು ಪಾಪ ಎಂದಳು, ಈ ಸಲ ನನಗೆ.

ಆಯ್ಕೆ ಸಮಿತಿಯವರು ಮೂವರು. ಅವರಲ್ಲಿ ರೇಷ್ಮೆ ಸ್ಕಾರ್ಫಿನವನೊಬ್ಬನೇ ಮಾತಾಡುವುದು, ಉಳಿದಿಬ್ಬರು ತಲೆಯಾಡಿಸುವುದು. ಕೋಟಿನ ಮುಂದೆ ಬಂದ. ಕೈ ಬೆನ್ನ ಹಿಂದೆಯೇ ಇತ್ತು, ಬೆನ್ನು ಒಂದಿಂಚೂ ಬಗ್ಗಲಿಲ್ಲ.

“ಮುದ್ದಾಗಿದೆ. ಆದ್ರೆ ಏನೇ ಹೇಳಿ, ಇದು ಗುಜರಿ ತಾನೇ?” ಎಂದು ಮುಂದಿನ ಮೇಜಿಗೆ ಹೊರಟ.

“ನಿಂತ್ಕೊಳ್ಳಿ ಸಾರ್.”

ಅದು ನನ್ನದೇ ಸ್ವರ. ಇಡೀ ಹಾಲು ತಿರುಗಿತು.

“ಇಪ್ಪತ್ತಮೂರು ಕಿಟಕಿ ಇದೆ. ಒಂದಕ್ಕಾದ್ರೂ ಕಣ್ಣಿಟ್ಟು ನೋಡಿದ್ರಾ? ಬಗ್ಗೋಕೆ ಸೊಂಟ ನೋವಾ? ಒಳಗೆ ಒಬ್ಬರು ಸ್ನಾನ ಮಾಡ್ತಿದಾರೆ, ಒಬ್ಬರು ಅಡುಗೆ ಮಾಡ್ತಿದಾರೆ. ಅದನ್ನ ಕಟ್ಟೋಕೆ ಈ ಮನುಷ್ಯನಿಗೆ ತಿಂಗಳುಗಟ್ಟಲೆ ಬೇಕಾಯ್ತು. ನೀವು ನಿಂತಷ್ಟು ಹೊತ್ತಲ್ಲಿ ಒಂದು ಸಲ ಸೀನೋಕೂ ಆಗಲ್ಲ.”

“ನೀವು ಯಾರು?”

“ಪಕ್ಕದ ಮನೆಯವಳು,” ಎಂದೆ.

ಆಯ್ಕೆಯಾಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಕೋಟನ್ನು ಕೈಮೇಲೆ ಹಾಕಿಕೊಂಡು ಅವನು ಹೊರಗಿನ ಮೆಟ್ಟಿಲ ಮೇಲೆ ಕೂತ. ಪಕ್ಕದಲ್ಲಿ ನಾನೂ ಕೂತೆ.

“ನೀವೂ ನನ್ನನ್ನ ಗುಜರಿ ಅಂತಾನೇ ಕರೆಯೋದಂತೆ. ಚಿಕ್ಕಮ್ಮ ಹೇಳಿದಾರೆ.”

“ನಾನು ಕರೀಬಹುದು. ಆರು ತಿಂಗಳಿಂದ ನೋಡ್ತಾ ಇದೀನಿ. ಅವನು ಆರು ಸೆಕೆಂಡೂ ನೋಡಲಿಲ್ಲ.”

ಅವನು ತಲೆಯನ್ನು ಪಕ್ಕಕ್ಕೆ ವಾಲಿಸಿದ. ಇನ್ನೂ ಇದೆಯಾ ಎಂದು ಹುಬ್ಬೆತ್ತಿದ. ಇತ್ತು.

“ಅಂಗಡಿಗೆ ವಾರಕ್ಕೆ ಹತ್ತು ಜನ ಬರ್ತಾರೆ. ತೂತು ಮುಚ್ಚಬೇಡಿ, ಅದರ ಮೇಲೆ ಏನಾದ್ರೂ ಚಂದ ಮಾಡಿಕೊಡಿ ಅಂತಾರೆ. ಅವರನ್ನೆಲ್ಲ ಬೈದು ಓಡಿಸ್ತಾ ಇದ್ದೆ. ಇನ್ಮೇಲೆ ನಿಮ್ಮ ಬಾಗಿಲು ತೋರಿಸ್ತೀನಿ. ನಿಮ್ಮ ಬಾವನಿಗೆ ಫೋನ್ ಮಾಡಿ, ಬರಲ್ಲ ಅನ್ನಿ.”

“ಯಾಕೆ ಅಂತ ಕೇಳ್ತಾರೆ.”

“ಮದುವೆ ಗೊತ್ತಾಗಿದೆ ಅನ್ನಿ.”

ಅವನ ಕೈಯಿಂದ ಫೋನು ಜಾರಿ ಒಂದು ಮೆಟ್ಟಿಲು ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ.

“ನಾನಿನ್ನೂ ನಿಮ್ಮನ್ನ ಕೇಳೇ ಇಲ್ಲವಲ್ಲ.”

“ಅದಕ್ಕೇ ಕಾಯ್ತಾ ಇದೀನಿ. ಬೇಗ ಕೇಳಿ, ಚಿಕ್ಕಮ್ಮ ಅಂಗಡೀಲಿ ಒಬ್ಬಳೇ ಇದಾಳೆ.”

ಕೇಳಿದ. ತೊದಲಿದ, ಮಧ್ಯದಲ್ಲಿ ಮಾತು ಮರೆತ, ನನ್ನ ಮುಖ ಬಿಟ್ಟು ಕೋಟಿಗೆ ಹೇಳಿದ. ಇಷ್ಟು ಕೆಟ್ಟದಾಗಿ ಯಾರೂ ಯಾರನ್ನೂ ಕೇಳಿರಲಾರರು. ಇನ್ನೊಮ್ಮೆ ಸರಿಯಾಗಿ ಕೇಳಿ ಎಂದೆ. ಎರಡನೇ ಸಲವೂ ಅಷ್ಟೇನೂ ಚೆನ್ನಾಗಿರಲಿಲ್ಲ. ಒಪ್ಪಿಕೊಂಡೆ.